ಅಪರೂಪದ ಸ್ತನ ಕ್ಯಾನ್ಸರ್‌ಗೆ ಆಂಕೋಟೈಪ್ ಪರೀಕ್ಷೆ ನಂಬಬಹುದಾ?

ಅಮ್ಮನಿಗೆ 61 ವರ್ಷ, ಆಪರೇಷನ್ ಆಗಿದೆ, ರಿಪೋರ್ಟಿನಲ್ಲಿ ‘ಮ್ಯೂಸಿನಸ್ ಕಾರ್ಸಿನೋಮ’ ಅಂತ ಬಂದಿದೆ, ಕೀಮೋ ಬೇಕಾ ಬೇಡ್ವಾ ತಿಳಿಯೋಕೆ ಆಂಕೋಟೈಪ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಪೆಥಾಲಜಿಸ್ಟ್, ಇಂಥ ಗಡ್ಡೆಗಳ ಸ್ಲೈಡ್ ನೋಡುವುದೇ ನನ್ನ ಕೆಲಸ. ಚಿಕಿತ್ಸೆಯ ತೀರ್ಮಾನ ಅಮ್ಮನ ಡಾಕ್ಟರದ್ದು. ಪರೀಕ್ಷೆಯ ಬಗ್ಗೆ ಮಾತ್ರ ನಾನು ಹೇಳುತ್ತೇನೆ.

ಆಂಕೋಟೈಪ್ ಅಂದರೆ ಇಷ್ಟು: ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರುಗಳನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದರಿಂದ ಆರ್‌ಎನ್‌ಎ (ಜೀನ್‌ಗಳು ಕೆಲಸ ಮಾಡುವಾಗ ತಯಾರಾಗುವ ಪ್ರತಿ) ತೆಗೆದು, 21 ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆದು, 0ಯಿಂದ 100ರೊಳಗೆ ಒಂದು ಸ್ಕೋರ್ ಕೊಡುತ್ತಾರೆ. ಸ್ಕೋರ್ ಜಾಸ್ತಿಯಾದಷ್ಟೂ ಕ್ಯಾನ್ಸರ್ ಮತ್ತೆ ಬರುವ ಅಪಾಯ ಜಾಸ್ತಿ ಎಂದರ್ಥ. 2018ರಲ್ಲಿ ಪ್ರಕಟವಾದ ಟೇಲರ್‌ಎಕ್ಸ್ ಅಧ್ಯಯನದಲ್ಲಿ 10 ಸಾವಿರಕ್ಕೂ ಜಾಸ್ತಿ ಹೆಂಗಸರಿದ್ದರು. ಎಲ್ಲರದ್ದೂ ಹಾರ್ಮೋನ್ ಪಾಸಿಟಿವ್ (ಜೀವಕೋಶಗಳಲ್ಲಿ ಹಾರ್ಮೋನ್ ಗ್ರಾಹಕಗಳಿರುವ), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ), ಕಂಕುಳಿಗೆ ಹರಡದ ಕ್ಯಾನ್ಸರ್. 50 ದಾಟಿದವರಲ್ಲಿ ಸ್ಕೋರ್ 25ರವರೆಗೆ ಇದ್ದರೆ, ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಅವರಲ್ಲಿ ಬಹುಪಾಲು ಜನರದ್ದು ಮಾಮೂಲಿ ಡಕ್ಟಲ್ (ಹಾಲಿನ ನಾಳದ) ಕ್ಯಾನ್ಸರ್. ಅಮ್ಮನಂಥ ಗಡ್ಡೆಗೆ ಆ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ.

ಮ್ಯೂಸಿನಸ್ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಾಯಸದಲ್ಲಿ ಸಬ್ಬಕ್ಕಿ ತೇಲಿದ ಹಾಗಿರುತ್ತದೆ. ತುಂಬಾ ಲೋಳೆ, ನಡುನಡುವೆ ಕ್ಯಾನ್ಸರ್ ಜೀವಕೋಶಗಳ ಸಣ್ಣ ಗುಂಪುಗಳು. ಈ ಲೋಳೆಯ ಭಾಗ ನೂರಕ್ಕೆ 90ಕ್ಕಿಂತ ಜಾಸ್ತಿ ಇದ್ದರೆ ‘ಪ್ಯೂರ್’ ಅನ್ನುತ್ತೇವೆ. ಪ್ಯೂರ್ ಆಗಿದ್ದು, ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದು, ಕಂಕುಳೂ ಕ್ಲಿಯರ್ ಇದ್ದರೆ ಅದು ಸಾಮಾನ್ಯವಾಗಿ ಸೌಮ್ಯ ಸ್ವಭಾವದ್ದು. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ ಇಂಥವರಿಗೆ ಸ್ಕೋರ್ ಕೇಳದೆ ಹಾರ್ಮೋನ್ ಮಾತ್ರೆಯ ದಾರಿ ತೋರಿಸುತ್ತದೆ. ‘ಮಿಕ್ಸ್‌ಡ್’, ಅಂದರೆ ಮಾಮೂಲಿ ಕ್ಯಾನ್ಸರ್ ಕೂಡ ಬೆರೆತಿದೆ ಅಂತ ಬರೆದಿದ್ದರೆ ಕಥೆ ಬೇರೆ. ಆಗ ಪರೀಕ್ಷೆಗೆ ಅರ್ಥವಿದೆ.

ಮಾಡಿಸಿದಿರಿ, ಸ್ಕೋರ್ ಜಾಸ್ತಿ ಬಂತು ಅಂದುಕೊಳ್ಳಿ. ಕೂಡಲೇ ಗಾಬರಿಯಾಗಬೇಡಿ. ಆಪರೇಷನ್‌ಗೆ ಮುಂಚೆ ಬಯಾಪ್ಸಿಗೆಂದು ಸೂಜಿ ಚುಚ್ಚಿದ ಜಾಗ ಬ್ಲಾಕಿನಲ್ಲಿ ಸೇರಿದ್ದರೆ, ಅಲ್ಲಿ ಗಾಯ ಮಾಯುತ್ತಿರುವ ಜೀವಕೋಶಗಳೂ ವೇಗವಾಗಿ ಬೆಳೆಯುತ್ತಿರುತ್ತವೆ. ಅವು ಸ್ಕೋರನ್ನು ಸುಮ್ನೆ ಮೇಲಕ್ಕೆ ತಳ್ಳಬಹುದು. ಸ್ಲೈಡ್ ಸೌಮ್ಯ, ಸ್ಕೋರ್ ಉಗ್ರ ಅಂತಾದರೆ ಯಾವ ಬ್ಲಾಕ್ ಕಳಿಸಿದ್ದು ಎಂದು ಪೆಥಾಲಜಿಸ್ಟ್ ಮತ್ತೆ ನೋಡಲೇಬೇಕು. ಇದನ್ನು ಕೇಳುವವರೇ ಕಡಿಮೆ.

ಅಪರೂಪದ ಸ್ತನ ಕ್ಯಾನ್ಸರ್‌ಗಳೆಲ್ಲ ಒಂದೇ ಥರ ಅಲ್ಲ ಅನ್ನೋದೂ ನೆನಪಿರಲಿ. ಅಡಿನಾಯ್ಡ್ ಸಿಸ್ಟಿಕ್, ಮೆಟಾಪ್ಲಾಸ್ಟಿಕ್ ಎಂಬ ಎರಡು ಬಗೆಗಳೂ ಸಾಮಾನ್ಯವಾಗಿ ಟ್ರಿಪಲ್ ನೆಗೆಟಿವ್, ಅಂದರೆ ಎರಡು ಹಾರ್ಮೋನ್ ಗ್ರಾಹಕಗಳೂ ಹರ್-2ವೂ ನೆಗೆಟಿವ್. ಮೊದಲನೆಯದು ಬಹುತೇಕ ನಿಧಾನದ್ದು, ಎರಡನೆಯದು ಒರಟು. ಇವೆರಡಕ್ಕೂ ಆಂಕೋಟೈಪ್ ಅಲ್ಲ. ಅಲ್ಲಿ ಗಡ್ಡೆಯ ಹೆಸರೇ ಸ್ಕೋರಿಗಿಂತ ಹೆಚ್ಚು ಹೇಳುತ್ತದೆ.

ಆಂಕೋಟೈಪ್‌ನ ಖರ್ಚು ಲಕ್ಷಗಳಲ್ಲಿ. ಬೆಂಗಳೂರಿನ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಪರೀಕ್ಷೆ ಇದಕ್ಕಿಂತ ಅಗ್ಗ. ಅದು ಜೀನ್ ಬದಲು 5 ಪ್ರೋಟೀನ್ ನೋಡಿ, ಗಡ್ಡೆಯ ಗಾತ್ರ, ಗ್ರೇಡ್ (ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬ ಅಳತೆ), ಕಂಕುಳಿನ ಸ್ಥಿತಿ ಸೇರಿಸಿ ಲೆಕ್ಕ ಹಾಕುತ್ತದೆ. ಅದೂ ಮುಖ್ಯವಾಗಿ ಮಾಮೂಲಿ ಗಡ್ಡೆಗಳ ಮೇಲೆಯೇ ಪರೀಕ್ಷೆಯಾದದ್ದು.

ದುಡ್ಡು ಕಟ್ಟುವ ಮೊದಲು ಡಾಕ್ಟರನ್ನು ಹೀಗೆ ಕೇಳಿ: ‘ಸ್ಕೋರ್ ಕಡಿಮೆ ಬಂದರೆ ಏನು ಕೊಡ್ತೀರಿ, ಜಾಸ್ತಿ ಬಂದರೆ ಏನು?’ ಎರಡಕ್ಕೂ ಉತ್ತರ ಹಾರ್ಮೋನ್ ಮಾತ್ರೆಯೇ ಆಗಿದ್ದರೆ ಆ ಪರೀಕ್ಷೆ ಬೇಡ.