ಒಂದೇ ಕರು, ಎರಡು ರೇಟು

ಪ್ರಶ್ನೆ: ಸಾರ್, ನಮ್ಮ ಭಾವ ಅಮೆರಿಕದ ಟೆಕ್ಸಾಸಲ್ಲಿದಾರೆ. ಕೊರೊನಾ ಟೈಮಲ್ಲಿ ಅಲ್ಲಿ ದೊಡ್ಡದಾಗಿ ದನ ಸಾಕೋ ರ‍್ಯಾಂಚ್‌ನೋರಿಗೆ ಸರ್ಕಾರ ದನ ಎಣಿಸಿ ದುಡ್ಡು ಕೊಡ್ತಂತೆ. ಒಬ್ರಿಗೆ ಕರುವಿಗೆ 102 ಡಾಲರ್, ಅದೇ ರೋಡಲ್ಲಿರೋ ಇನ್ನೊಬ್ರಿಗೆ ಬರೀ 33. ಏನ್ ಸಾರ್ ಇದು, ವಶೀಲಿನಾ?

ಉತ್ತರ: ವಶೀಲಿ ಏನಿಲ್ಲ ಮಾರಾಯ್ರೇ, ತಾರೀಖಿನ ಆಟ ಅದು. 2020ರ ಏಪ್ರಿಲಲ್ಲಿ ಅಲ್ಲಿನ ಕೃಷಿ ಇಲಾಖೆ, ಅಂದ್ರೆ ಯುಎಸ್‌ಡಿಎ, ಸಿಎಫ್‌ಎಪಿ (ಕೊರೊನಾ ಆಹಾರ ನೆರವು ಯೋಜನೆ) ಅಂತ ಒಂದು ಸ್ಕೀಮ್ ಅನೌನ್ಸ್ ಮಾಡ್ತು, ರೈತರಿಗೆ ನೇರವಾಗಿ ಹಂಚೋಕೆ 1,600 ಕೋಟಿ ಡಾಲರ್. ಆಗ ಹೋಟೆಲು ಸ್ಕೂಲು ಎಲ್ಲಾ ಬಂದ್, ಕೆಲಸಗಾರರಿಗೆ ಕೊರೊನಾ ಬಂದು ದೊಡ್ಡ ದೊಡ್ಡ ಮಾಂಸದ ಪ್ಲಾಂಟ್‌ಗಳೂ ಬಾಗಿಲು ಹಾಕಿದ್ವು, ಅಂಗಡೀಲಿ ಮಾಂಸದ ರೇಟು ಏರ್ತಿದ್ರೆ ದನ ಸಾಕಿದೋನಿಗೆ ಮಾತ್ರ ಕೇಳೋರಿಲ್ಲ. (ಈ ಮಧ್ಯದ ದುಡ್ಡು ಎಲ್ಲಿ ಹೋಯ್ತು ಅನ್ನೋದು ಬೇರೆ ಪುರಾಣ.)

ಈಗ ನಿಮ್ಮ ಕರು ವಿಷಯ. 600 ಪೌಂಡ್‌ಗಿಂತ ಕಮ್ಮಿ ತೂಕದ ಕರುನ ಜನವರಿ 15ರಿಂದ ಏಪ್ರಿಲ್ 15ರೊಳಗೆ ಮಾರಿದ್ರೆ 102. ಮಾರದೆ ಕೊಟ್ಟಿಗೇಲೇ ಇಟ್ಕೊಂಡಿದ್ರೆ, ಏಪ್ರಿಲ್ 16ರಿಂದ ಮೇ 14ರ ಮಧ್ಯೆ ಯಾವತ್ತು ಜಾಸ್ತಿ ದನ ಇತ್ತೋ ಆ ಲೆಕ್ಕ ಹಿಡಿದು ತಲೆಗೆ 33. ಯಾಕಪ್ಪಾ ಅಂದ್ರೆ ಆಗಲೇ ಬೆಲೆ ಬಿದ್ದು ಆದ ನಷ್ಟಕ್ಕೆ ಒಂದು ಫಂಡು, ಮುಂದೆ ಮಾರುಕಟ್ಟೆ ಕೈಕೊಡೋದಕ್ಕೆ ಇನ್ನೊಂದು ಫಂಡು. ಕಡತದಲ್ಲಿ ಇದು ಸರಿನೇ. ಆದ್ರೆ ಬೇಲಿ ಆಚೆ ಈಚೆ ಇರೋ ಇಬ್ರಿಗೆ ಉರಿಯುತ್ತೆ, ಅದೂ ಸರಿನೇ.

ನಿಮ್ಮ ಭಾವ ಹೇಳಿರೋದು ಅರ್ಧ ಕಥೆ ಅಷ್ಟೇ. ಸೆಪ್ಟೆಂಬರಲ್ಲಿ ಎರಡನೇ ಕಂತು ಬಂತು, ಆಗಸ್ಟ್ 31ರೊಳಗೆ ಕೈಯಲ್ಲಿದ್ದ ದನಕ್ಕೆ ತಲೆಗೆ 55 ಡಾಲರ್. ಆಮೇಲೆ ಡಿಸೆಂಬರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾನೂನಿನ ಪ್ರಕಾರ ಆ 33ರ ಕರುವಿಗೆ ಮೇಲೆ ಇನ್ನೊಂದು 7. ಕೂಡಿಸಿ ನೋಡಿ, ಮಾರದೆ ಇಟ್ಕೊಂಡೋನ ಕರುಗೂ 95 ಆಯ್ತು! ತಕ್ಷಣ ಸಿಗ್ಲಿಲ್ಲ ಅನ್ನೋದೇ ವ್ಯತ್ಯಾಸ, ಅಷ್ಟು ದಿನ ಮೇವು ಹಾಕಿದ ಖರ್ಚು ಅವನ ತಲೆ ಮೇಲೇ. ಬೇಗ ಮಾರಿದೋನಿಗೂ ಪೂರ್ತಿ 102 ಒಂದೇ ಸಲ ಬರ್ಲಿಲ್ಲ, ಮೊದಲು ಶೇ. 80, ಉಳಿದಿದ್ದು ಆಮೇಲೆ. ಇನ್ನೊಂದು ಮಾತು, ಕರು ಹಾಕಿಸೋಕೆ ಅಂತ ಸಾಕೋ ತಾಯಿ ಹಸುಗಳಿಗೆ ಆ 55 ಇಲ್ಲ. ರ‍್ಯಾಂಚ್‌ನೋರ ಮಂದೇಲಿ ಅವೇ ತಾನೇ ಜಾಸ್ತಿ ಇರೋದು!

ಪ್ರಶ್ನೆ: ಇದು ಸಾಲಾನಾ, ವಾಪಸ್ ಕಟ್ಬೇಕಾ? ದೊಡ್ಡ ಕುಳಗಳೇ ನುಂಗಿದ್ರು ಅಂತಾರಲ್ಲ?

ಉತ್ತರ: ಸಾಲ ಅಲ್ಲ. ಆದ್ರೆ ಆದಾಯ ಅಂತ ಲೆಕ್ಕ, ಟ್ಯಾಕ್ಸ್ ಕಟ್ಲೇಬೇಕು. ಬಂದ ದುಡ್ಡನ್ನೆಲ್ಲಾ ಮೇವಿನ ಬಾಕಿಗೆ ಹಾಕಿ ಕೂತೋರಿಗೆ ಮುಂದಿನ ವರ್ಷ ಸರ್ಕಾರ ಕೊಟ್ಟ ದುಡ್ಡಿನ ಲೆಕ್ಕ ತೋರಿಸೋ ಟ್ಯಾಕ್ಸ್ ಫಾರ್ಮ್ 1099-ಜಿ ನೋಡಿದಾಗಲೇ ನೆನಪಾಗೋದು.

ದೊಡ್ಡ ಕುಳದ ಬಗ್ಗೆ: ಒಬ್ಬ ವ್ಯಕ್ತಿಗೆ ಒಂದೊಂದು ಕಂತಿಗೆ 2,50,000 ಡಾಲರ್ ಮಿತಿ ಇತ್ತು. ಆದ್ರೆ ಕಂಪನಿ ಮಾಡ್ಕೊಂಡು ಮೂರು ಜನ ಪಾಲುದಾರರು ತಲಾ 400 ಗಂಟೆ ದುಡಿದಿದೀವಿ ಅಂತ ತೋರಿಸಿದ್ರೆ 7,50,000. ವರ್ಷಕ್ಕೆ ಸರಾಸರಿ 9 ಲಕ್ಷ ಡಾಲರ್‌ಗಿಂತ ಜಾಸ್ತಿ ಆದಾಯ ಇರೋರಿಗೆ ಇಲ್ಲ ಅಂತಾನೂ ರೂಲ್ಸ್ ಇತ್ತು, ಆದ್ರೆ ಆದಾಯದ ಮುಕ್ಕಾಲು ಪಾಲು ಬೇಸಾಯದ್ದೇ ಆಗಿದ್ರೆ ಅದೂ ಮಾಫಿ. ದನ ಎಷ್ಟು ಅಂತ ರೈತನೇ ಬರೆದು ಸೈನ್ ಹಾಕೋದು, ಅಧಿಕಾರಿ ಬಂದು ಎಣಿಸ್ತಿರ್ಲಿಲ್ಲ, ಬೇಕಾದಾಗ ದಾಖಲೆ ಕೇಳ್ತಿದ್ರು ಅಷ್ಟೇ. ಅರ್ಜೆಂಟಲ್ಲಿ ಹಂಚೋವಾಗ ಹಂಗೆ ಮಾಡದೆ ಬೇರೆ ದಾರಿ ಇರ್ಲಿಲ್ಲ ಅಂತ ನನಗನ್ಸುತ್ತೆ. ಆದ್ರೆ ಮಾರಿದ ಚೀಟಿ ಜೋಪಾನವಾಗಿ ಇಟ್ಕೊಂಡೋರು ಮಾತ್ರ ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿರ್ತಾರೆ.