ದನದ ತೊಟ್ಟಿ, ಹೊಲದ ದಾರಿ: ಪಂಚಾಯ್ತಿಯಲ್ಲಿ ಯಾರನ್ನು ಕೇಳಬೇಕು?

ತಮ್ಮಾ, ನಿನ್ನೆ ನೀನು ಹಾಕಿದ್ದು ಓದಿದೆ. ಕುಷ್ಟಗಿ ಕಡೆಯ ನಿಮ್ಮೂರಲ್ಲಿ ದನದ ತೊಟ್ಟಿಗೆ ನಾಲ್ಕು ತಿಂಗಳಿಂದ ನೀರಿಲ್ಲ, ಮಳೆ ಬಂದರೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ, ಪಂಚಾಯ್ತಿಗೆ ಮೂರು ಸಲ ಹೋದರೂ "ಅವರನ್ನ ಕೇಳ್ರಿ, ಇವರನ್ನ ಕೇಳ್ರಿ" ಅಂದರು ಅಂತ ಬರೆದಿದ್ದೀಯ. ಕೆಳಗೆ ಇಬ್ಬರು "ಎಲ್ಲಾ ಒಂದೇ, ಬಿಟ್ಟುಬಿಡು" ಅಂದಿದ್ದಾರೆ. ಬಿಡಬೇಡ. ನಾನು ಯಲಬುರ್ಗಾ ತಾಲ್ಲೂಕಿನವಳು. ಒಂದು ಅವಧಿ ಸದಸ್ಯೆಯಾಗಿ ಪಂಚಾಯ್ತಿಯಲ್ಲಿ ಕೂತಿದ್ದೀನಿ. ಅಲ್ಲಿ ಒಬ್ಬೊಬ್ಬರ ಕೈ ಎಷ್ಟು ದೂರ ಹೋಗುತ್ತದೆ ಅಂತ ತಿಳಿದರೆ ನಿನ್ನ ಅರ್ಧ ಓಡಾಟ ತಪ್ಪುತ್ತದೆ.

ಮೊದಲು ತೊಟ್ಟಿ. ಆಫೀಸಿಗೆ ಆಮೇಲೆ ಹೋಗು. ಮೊದಲು ನಿಮ್ಮೂರಿನ ವಾಟರ್‌ಮ್ಯಾನ್ ಹತ್ತಿರ ಹೋಗು, ಅದೂ ಬೆಳಗಿನ ಜಾವ ಅವನು ವಾಲ್ವ್ ತಿರುಗಿಸುವ ಹೊತ್ತಿಗೆ. ಊರಿನ ಪೈಪ್‌ಲೈನ್ ನಕ್ಷೆ ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಇರುವುದಿಲ್ಲ, ಅವನ ತಲೆಯಲ್ಲಿ ಇರುತ್ತದೆ.

ನಮ್ಮೂರಲ್ಲೂ ಹೀಗೇ ಆಗಿತ್ತು. ಮನೆಮನೆಗೆ ನಳ ಹಾಕಲು ಜೆಸಿಬಿಯಿಂದ ನೆಲ ಅಗೆದರು, ಕೆಲಸ ಮುಗಿಸಿ ಹೋದರು, ತೊಟ್ಟಿ ಒಣಗಿತು. ಬೋರು ಬತ್ತಿದೆ ಅಂತ ನಾವು ಮೀಟಿಂಗಿನಲ್ಲಿ ಎರಡು ಸಲ ಮಾತಾಡಿದೆವು, ಹೊಸ ಬೋರಿಗೆ ಲೆಕ್ಕವನ್ನೂ ಹಾಕಿದೆವು. ಒಂದು ದಿನ ವಾಟರ್‌ಮ್ಯಾನ್ ನನ್ನನ್ನು ಕರೆದುಕೊಂಡು ಹೋದ. ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ನಿಂತು ಹನ್ನೊಂದು ಹೆಜ್ಜೆ ಎಣಿಸಿದ. ಸಲಿಕೆಯಿಂದ ಮೊಣಕಾಲುದ್ದ ಮಣ್ಣು ತೆಗೆದ. ಹಳೇ ವಾಲ್ವ್ ಅಲ್ಲೇ ಇತ್ತು. ಅದರ ಆಚೆ ತೊಟ್ಟಿಗೆ ಹೋಗುವ ಪೈಪು ತುಂಡಾಗಿ, ಬಾಯಿಗೆ ಎರೆಮಣ್ಣು ಮೆತ್ತಿಕೊಂಡಿತ್ತು. ಒಂದು ಪೈಪಿನ ತುಂಡು, ಎರಡು ಕಪ್ಲಿಂಗ್. ಸಂಜೆಗೆ ಎಮ್ಮೆಗಳು ಬಂದು ನೀರು ಕುಡಿದವು. "ಮೊದಲೇ ಯಾಕೆ ಹೇಳಲಿಲ್ಲಪ್ಪಾ" ಅಂದೆ. "ಮೀಟಿಂಗಿಗೆ ನನ್ನನ್ನ ಯಾರು ಕರೀತಾರೆ ಅಕ್ಕಾರ?" ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಆಗ ಅವನಿಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು. ಆದರೂ ಒಂದು ದಿನ ನೀರು ತಪ್ಪಿಸಿರಲಿಲ್ಲ. ಅದಕ್ಕೇ ಹೇಳುವುದು, ಅವನ ಜೊತೆ ಜೋರು ಮಾಡಬೇಡ. ಕೂತು ಕೇಳು.

ತೊಂದರೆ ಎಲ್ಲಿ ಅಂತ ಗೊತ್ತಾದ ಮೇಲೆ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಹೋಗು. ಪಿಡಿಒ ಸರ್ಕಾರಿ ನೌಕರರು, ಪಂಚಾಯ್ತಿಯ ಖರ್ಚಿಗೆ ಅಧ್ಯಕ್ಷರ ಜೊತೆ ಸಹಿ ಹಾಕುವವರು. ಅವರಿಗೆ ಒಂದು ಹಳ್ಳಿ ಅಲ್ಲ, ಪಂಚಾಯ್ತಿಗೆ ಸೇರಿದ ಅಷ್ಟೂ ಹಳ್ಳಿಯ ಕೆಲಸ. ಕೆಲವೊಮ್ಮೆ ಪಕ್ಕದ ಪಂಚಾಯ್ತಿಯ ಪ್ರಭಾರವೂ ಅವರದೇ. ಬಾಯಲ್ಲಿ ಹೇಳಿದ್ದು ಅವರು ಜೀಪು ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ. ಅರ್ಜಿ ಬರೆದು ಕೊಡು, ಬಂದ ಕಾಗದ ಬರೆಯುವ ಆವಕ ಪುಸ್ತಕದಲ್ಲಿ ನಂಬರ್ ಹಾಕಿಸು, ನಿನ್ನ ಪ್ರತಿಯ ಮೇಲೆ ಸೀಲು ಸಹಿ ತಗೋ. "ನೀರಿಲ್ಲ" ಅಂತ ಮಾತ್ರ ಬರೆಯಬೇಡ. "ಇಂಥ ಕಡೆ ಪೈಪು ಒಡೆದಿದೆ, ಇಷ್ಟು ಅಡಿ ಬದಲಿಸಬೇಕು" ಅಂತ ಬರೆ. ದುಡ್ಡಿಲ್ಲ ಅಂದರೆ ಒಂದು ಮಾತು ನೆನಪಿರಲಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ರೂಪಾಯಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಈ ವರ್ಷ ನೀರಿಗೆ ಅಂತ ಎಷ್ಟು ಬಂದಿದೆ, ಎಲ್ಲಿ ಖರ್ಚಾಗಿದೆ ಅಂತ ಮರ್ಯಾದೆಯಿಂದ ಕೇಳು. ಕೇಳುವ ಹಕ್ಕು ನಿನಗಿದೆ. ಹೋಗುವ ಮುಂಚೆ ಬಿಲ್ ಕಲೆಕ್ಟರ್ ಹತ್ತಿರ ಮನೆ ಕರ, ನೀರಿನ ಕರ ಕಟ್ಟಿ ರಸೀದಿ ಜೇಬಿನಲ್ಲಿ ಇಟ್ಟುಕೋ.

ಈಗ ಹೊಲದ ದಾರಿ. ಇಲ್ಲಿ ಬಹಳ ಜನ ತಪ್ಪು ಬಾಗಿಲು ಬಡಿಯುತ್ತಾರೆ. ಹೊಲ, ಪಹಣಿ, ಅಳತೆ, ಒತ್ತುವರಿ ಇವೆಲ್ಲ ಕಂದಾಯ ಇಲಾಖೆಯವು. ನಾವು ಹಳೇ ರೂಢಿಯಲ್ಲಿ ಶಾನುಭೋಗರು, ತಲಾಟಿ ಅನ್ನುತ್ತೇವಲ್ಲ, ಆ ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. ಅವರು ತಹಶೀಲ್ದಾರರ ಕೈಕೆಳಗಿನವರು, ಪಂಚಾಯ್ತಿಯವರಲ್ಲ. ಮೊದಲು ಗ್ರಾಮ ನಕಾಶೆ ತೆಗೆಸಿ ಅದರಲ್ಲಿ ಬಂಡಿದಾರಿ ಇದೆಯಾ ನೋಡು. ಇದ್ದು, ಯಾರಾದರೂ ಬದು ಹಾಕಿ ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ. ದಾರಿ ತೆರೆದೇ ಇದ್ದು ಬರೀ ಕೆಸರಾದರೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು ಹಾಕಿಸುವುದು ಪಂಚಾಯ್ತಿಯಿಂದ ಆಗುತ್ತದೆ. ನಕಾಶೆಯಲ್ಲಿ ದಾರಿಯೇ ಇಲ್ಲದಿದ್ದರೆ ಅಕ್ಕಪಕ್ಕದ ಹೊಲದವರು ಒಪ್ಪಬೇಕು. ಆಗ ಊರಿನ ಹಿರಿಯರನ್ನು ಮುಂದೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು ಮಾತಾಡುವುದೇ ಒಳ್ಳೇದು.

ಗರಸಿನ ಕೆಲಸ ಕ್ರಿಯಾ ಯೋಜನೆಗೆ, ಅಂದರೆ ಪಂಚಾಯ್ತಿ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ ಸೇರಬೇಕು. ಅದಕ್ಕೆ ನಿಮ್ಮ ವಾರ್ಡಿನ ಸದಸ್ಯರು ಬೇಕು. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ಪಕ್ಷದ ಚಿಹ್ನೆ ಇಲ್ಲದೆ ಗೆದ್ದವರು, ನಿಮ್ಮ ಓಣಿಯವರೇ. ನನ್ನ ಕಾಲದಲ್ಲಿ ಮೊದಲು ತಿಂಗಳಿಗೆ 1000 ರೂಪಾಯಿ ಗೌರವಧನ ಇತ್ತು, ಆಮೇಲೆ 2000 ಆಯಿತು. ತಾಲ್ಲೂಕಿಗೆ ಓಡಾಡಿದ ಬಸ್ ಚಾರ್ಜು, ಮನೆಗೆ ಬಂದವರಿಗೆ ಚಹಾ, ಅಷ್ಟಕ್ಕೇ ಮುಗಿಯುತ್ತಿತ್ತು. ತಿನ್ನುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕೂಲಿ ಬಿಟ್ಟು ಮೀಟಿಂಗಿಗೆ ಬರುವ ಹೆಣ್ಣುಮಕ್ಕಳನ್ನು ನಾನು ಪಕ್ಕದ ಕುರ್ಚಿಯಲ್ಲೇ ನೋಡಿದ್ದೀನಿ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ಸದಸ್ಯೆಯ ನಂಬರ್ ಕೇಳಿದರೆ ಗಂಡನ ನಂಬರ್ ಕೊಡುತ್ತಾರೆ. ನೀನು ಗಂಡನಿಗೆ ಫೋನ್ ಮಾಡಬೇಡ. ಅವರ ಮನೆಗೇ ಹೋಗಿ ಅವರನ್ನೇ ಮಾತಾಡಿಸು. ಗೆದ್ದ ಮೊದಲ ವರ್ಷ ನನ್ನ ಹತ್ತಿರ ಬಂದವರೆಲ್ಲ "ಅಣ್ಣಾರ ಇಲ್ಲೇನ್ರಿ?" ಅಂತಲೇ ಕೇಳುತ್ತಿದ್ದರು. ಒಬ್ಬ ಮುದುಕಮ್ಮ ಮಾತ್ರ ಪಿಂಚಣಿ ಕಾಗದ ಹಿಡಿದು "ನಿನ್ನ ಹತ್ರನ ಬಂದೀನವಾ" ಅಂದಳು. ಆ ಕಾಗದ ಹಿಡಿದು ನಾಡಕಚೇರಿಗೆ ನಾಲ್ಕು ಸಲ ಹೋಗಿದ್ದೆ. ಕೆಲಸ ಕಲಿತದ್ದು ಅಲ್ಲಿಂದ.

ಸದಸ್ಯರಿಗೆ ಹೇಳಿದ ಮೇಲೆ ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಹೋಗು. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಒಬ್ಬನೇ ಹೋಗಬೇಡ, ಆ ದಾರಿಯಲ್ಲಿ ಬಂಡಿ ಹೊಡೆಯುವ ಹತ್ತು ಮನೆಯವರನ್ನು ಕರೆದುಕೊಂಡು ಹೋಗು. ಹೇಳಿದ ವಿಷಯ ನಡಾವಳಿ ಪುಸ್ತಕದಲ್ಲಿ ಬರೆದ ಮೇಲೇ ಎದ್ದು ಬಾ. ಸಹಿ ಮಾಡುವಾಗ ಓದು, ಖಾಲಿ ಹಾಳೆಗೆ ಸಹಿ ಬೇಡ. ಸದಸ್ಯರ ಅವಧಿ ಮುಗಿದು ಚುನಾವಣೆ ತಡವಾದ ಕಡೆ ಸದಸ್ಯರ ಬದಲಿಗೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇರುತ್ತಾರೆ, ಆಗ ಅರ್ಜಿ ಅವರ ಹೆಸರಿಗೂ ಒಂದು ಕೊಡು.

ವಾಟರ್‌ಮ್ಯಾನ್ ಏನು ತೋರಿಸಿದ ಅಂತ ಫೋಟೋ ಹಾಕು. ಅರ್ಜಿ ಬರೆದು ಕೊಡುವ ಮುಂಚೆ ಇಲ್ಲೇ ಹಾಕಿದರೆ ನೋಡಿ ತಿದ್ದಿ ಕೊಡುತ್ತೇನೆ. ಮುಂಗಾರಿಗೆ ಮುಂಚೆ ಗರಸು ಬೀಳಬೇಕಾದರೆ ಈ ವಾರವೇ ನಕಾಶೆಗೆ ಹೋಗು.