ವಿಶ್ವವಿದ್ಯಾಲಯದಲ್ಲಿ ಕಸ ತಗ್ಗಿಸಿ ರಿಪೇರಿಯ ರೂಢಿ ಬೆಳೆಸುವುದು ಹೇಗೆ?

ಜಾಥಾ, ಪ್ರತಿಜ್ಞೆ, ಭಿತ್ತಿಪತ್ರ ಎಲ್ಲವೂ ಮುಗಿದರೂ ಹಾಸ್ಟೆಲಿನ ಹಿಂದಿನ ಕಸದ ರಾಶಿ ಕರಗಿಲ್ಲ, ಕೆಟ್ಟದ್ದನ್ನು ಎಸೆಯದೆ ಸರಿಪಡಿಸಿಕೊಳ್ಳುವಂತೆ ವಿದ್ಯಾರ್ಥಿಗಳನ್ನು ಒಲಿಸುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ದಾವಣಗೆರೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಕೊನೆಯ ಕೆಲವು ವರ್ಷ ಅಲ್ಲಿ ವಾರಕ್ಕೊಮ್ಮೆ, ಕೆಟ್ಟ ವಸ್ತುಗಳನ್ನು ತಂದು ಸರಿಪಡಿಸಿಕೊಳ್ಳುವ ರಿಪೇರಿ ಮೇಜೊಂದನ್ನು ನಡೆಸಿದ್ದೆ. ಆ ಅನುಭವದ ಮೇಲೆ ಹೇಳುವುದಾದರೆ, ಅಡ್ಡಿಯಿರುವುದು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಅಲ್ಲ, ಕಚೇರಿಯ ದಾಸ್ತಾನು ವಹಿಯಲ್ಲಿ.

ಈ ಸೀಮೆಗೆ ರಿಪೇರಿ ಹೊಸ ವಿದ್ಯೆಯಲ್ಲ. ಜಗಳೂರು, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಬಂದು ಓದುವ ಮಕ್ಕಳ ಮನೆಗಳಲ್ಲಿ ಕೊಳವೆಬಾವಿಯ ಮೋಟರು ಸುಟ್ಟರೆ ಯಾರೂ ಅದನ್ನು ಗುಜರಿಗೆ ಹಾಕುವುದಿಲ್ಲ. ಮೇಲೆತ್ತಿ, ವೈಂಡಿಂಗ್ ಅಂಗಡಿಗೆ ಒಯ್ದು, ಹೊಸ ತಂತಿ ಸುತ್ತಿಸಿ, ಮತ್ತೆ ಬಾವಿಗೆ ಇಳಿಸುತ್ತಾರೆ. ಅದೇ ಮನೆಯ ಹುಡುಗ ಹಾಸ್ಟೆಲಿನಲ್ಲಿ ವೈರು ತುಂಡಾದ ಇಸ್ತ್ರಿಪೆಟ್ಟಿಗೆಯನ್ನು ಎಸೆಯುತ್ತಾನೆಂದರೆ, ಅದನ್ನು ಎಲ್ಲಿಗೆ ಒಯ್ಯಬೇಕು, ಎಷ್ಟು ಕೇಳುತ್ತಾರೆ ಎಂಬುದು ಅವನಿಗೆ ತಿಳಿಯದು, ನಾಳೆ ಬೆಳಿಗ್ಗೆ ಪರೀಕ್ಷೆ ಬೇರೆ. ಅವನಿಗೆ ಉಪದೇಶ ಬೇಕಿಲ್ಲ.

ಆದರೆ ಸಂಸ್ಥೆಯ ವಸ್ತುಗಳ ಕಥೆ ಬೇರೆ. ನಮ್ಮ ಹಾಸ್ಟೆಲಿನಲ್ಲಿ ಮಂದವಾಗಿ ತಿರುಗುತ್ತಿದ್ದ ಫ್ಯಾನುಗಳನ್ನು ಇಳಿಸಿ ಮೆಟ್ಟಿಲ ಕೆಳಗೆ ಒಟ್ಟಿದ್ದರು. ಬಿಚ್ಚಿ ನೋಡಿದಾಗ ಬಹುಪಾಲಿಗೆ ಬೇಕಿದ್ದದ್ದು 2.5 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಮಾತ್ರ, ಅದರ ಬೆಲೆ ನೂರು ರೂಪಾಯಿಯೊಳಗೆ. ಹೊಸ ಫ್ಯಾನು ಕೊಳ್ಳಲು ಅನುದಾನವಿದೆ, ಕೊಟೇಶನ್ ತರಿಸುವ ಕ್ರಮವಿದೆ, ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕೆಂಬ ಅವಸರವೂ ಇದೆ. ಕೆಪಾಸಿಟರ್ ತರಲು ಮಾತ್ರ ಯಾವ ಲೆಕ್ಕಶೀರ್ಷಿಕೆಯಲ್ಲೂ ಜಾಗವಿರಲಿಲ್ಲ. ಜೊತೆಗೆ, ವಹಿಯಲ್ಲಿ ನಮೂದಾದ ವಸ್ತುವನ್ನು ಬಿಚ್ಚಿದರೆ ನಾಳೆ ಲೆಕ್ಕ ತಪಾಸಣೆಯವರಿಗೆ ಉತ್ತರ ಹೇಳುವವರು ಯಾರು ಎಂಬ ಭಯ. ಕೊನೆಗೆ ಎರಡು ವರ್ಷ ಅಲೆದು ನಾನು ಪಡೆದದ್ದು ಒಂದೇ ಪುಟದ ಆದೇಶ: ಬಿಡಿಭಾಗಗಳಿಗೆ ಸಾದಿಲ್ವಾರಿನಲ್ಲಿ, ಎಂದರೆ ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ, ಸಣ್ಣ ಮೊತ್ತ, ಮತ್ತು ವಿಭಾಗದ ಒಬ್ಬ ಸಿಬ್ಬಂದಿಯ ಸಮ್ಮುಖದಲ್ಲಿ ಬಿಚ್ಚಿ, ಆದ ದುರಸ್ತಿಯನ್ನು ವಹಿಯಲ್ಲೇ ಬರೆದಿಡುವ ಅನುಮತಿ. ನೀವು ಜಾಥಾ ಏರ್ಪಡಿಸುವ ಮೊದಲು ಕುಲಸಚಿವರ ಬಳಿ ಹೋಗಿ ಇಂಥದೊಂದು ಆದೇಶ ಮಾಡಿಸಿಕೊಳ್ಳಿ.

ಮೇಜಿನ ಕಲ್ಪನೆ ನನ್ನದಲ್ಲ. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಆರಂಭಿಸಿದ ರಿಪೇರಿ ಕೆಫೆಯ ಮಾದರಿ 2015ರಲ್ಲಿ ಬೆಂಗಳೂರಿಗೂ ಬಂತು. ಅದರ ಮುಖ್ಯ ನಿಯಮವನ್ನು ಬಿಡಬೇಡಿ: ವಸ್ತುವಿನ ಒಡೆಯನೇ ಪಕ್ಕದಲ್ಲಿ ಕೂತು ಕೈಹಚ್ಚಬೇಕು. ಇಟ್ಟುಹೋಗಲು ಬಿಟ್ಟರೆ ವಾರದೊಳಗೆ ನಿಮ್ಮ ಕೋಣೆಯೇ ಗುಜರಿ ಅಂಗಡಿಯಾಗುತ್ತದೆ, ನಮ್ಮದು ಮೊದಲ ವರ್ಷ ಹಾಗೆಯೇ ಆಗಿತ್ತು. ಮೊದಲ ಶನಿವಾರ ಬಂದವು ಮೂರೇ ವಸ್ತುಗಳು, ಅವುಗಳಲ್ಲಿ ಎರಡು ನಮ್ಮ ವಿಭಾಗದವೇ. ದಿನ, ವೇಳೆ, ಜಾಗ ಮೂರನ್ನೂ ಬದಲಿಸದೆ ಕೂತಿದ್ದರಿಂದ ಜನ ಬರತೊಡಗಿದರು. ಮಿಕ್ಸಿಯ ಕಾರ್ಬನ್ ಬ್ರಷ್, ಬ್ಯಾಗಿನ ಜಿಪ್ಪಿನ ರನ್ನರ್, ಸೈಕಲ್ಲಿನ ಬ್ರೇಕು ರಬ್ಬರು, ಫ್ಯೂಸು, ಮೂರು ಪಿನ್ನಿನ ಪ್ಲಗ್ಗು ಇವನ್ನು ಮೊದಲೇ ತಂದಿಡಿ, ಏಕೆಂದರೆ ಬಿಡಿಭಾಗ ಮುಂದಿನ ವಾರ ಎಂದರೆ ಆ ವಿದ್ಯಾರ್ಥಿ ಮತ್ತೆ ಬರುವುದಿಲ್ಲ. ಬಟ್ಟೆಗೆ ಊರಿನ ದರ್ಜಿಯೊಬ್ಬರನ್ನೂ ಪಾದರಕ್ಷೆ ಹೊಲಿಯುವವರೊಬ್ಬರನ್ನೂ ಕೂಲಿ ಕೊಟ್ಟು ಕೂರಿಸಿ. ಬಿಟ್ಟಿ ಸೇವೆಯ ಹೆಸರಿನಲ್ಲಿ ಅವರ ಗಿರಾಕಿಗಳನ್ನು ಕಸಿಯುವುದು ನನಗೆ ಸರಿಕಾಣದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನೂ ಮೈಕ್ರೋವೇವ್ ಒಲೆಯನ್ನೂ ಮೇಜಿಗೆ ಬರಗೊಡಬೇಡಿ: ಮೊದಲನೆಯದಕ್ಕೆ ಬೆಂಕಿ ಹತ್ತಬಹುದು, ಎರಡನೆಯದರ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ. ಸರಿಯಾಗದ ಕಂಪ್ಯೂಟರು, ಪ್ರಿಂಟರುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಯವರಿಗೆ ಹಾಕದೆ ನೋಂದಾಯಿತ ಮರುಬಳಕೆ ಘಟಕಕ್ಕೇ ಕೊಡಿ; 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ದೊಡ್ಡ ಬಳಕೆದಾರ ಸಂಸ್ಥೆಗಳಿಗೆ ಇದನ್ನೇ ವಿಧಿಸಿವೆ.

ಮೆಸ್ಸಿನ ಬಗ್ಗೆ ಹೆಚ್ಚು ಹೇಳಲಾರೆ. 5,000 ಚದರ ಮೀಟರಿಗಿಂತ ದೊಡ್ಡ ಆವರಣದ ಸಂಸ್ಥೆಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ಒಳಗೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು, ನಾವೂ ಗೊಬ್ಬರದ ಗುಂಡಿ ತೋಡಿಸಿದೆವು. ಬೇಸಿಗೆ ರಜೆಯಲ್ಲಿ ನೀರು ಚಿಮುಕಿಸುವವರಿಲ್ಲದೆ ಈ ಊರಿನ ಏಪ್ರಿಲ್ ಬಿಸಿಲಿಗೆ ಅದು ಒಣಗಿ ಹೋಯಿತು. ಹಾಗಾಗಿ ರಜೆಯಲ್ಲೂ ಊರಿನಲ್ಲೇ ಇರುವ ತೋಟದ ಸಿಬ್ಬಂದಿಗೆ ಆ ಕೆಲಸ ಒಪ್ಪಿಸಿ. ಸಮಾರಂಭಗಳಲ್ಲಿ ಕಾಗದದ ಲೋಟಗಳ ಬದಲು ಸ್ಟೀಲಿನವನ್ನು ಇಡಿ, ಕಾಗದದ ಲೋಟದ ಒಳಮೈಯಲ್ಲಿ ಪ್ಲಾಸ್ಟಿಕ್ ಪದರವಿರುವುದರಿಂದ ಅದು ಗುಂಡಿಯಲ್ಲಿ ಪೂರ್ತಿ ಕೊಳೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಸ ಬೀಳುವುದು ಅಂತಿಮ ವರ್ಷದವರು ಕೋಣೆ ಖಾಲಿ ಮಾಡುವ ವಾರ. ಬಕೆಟ್ಟು, ಹಾಸಿಗೆ, ಮೇಜಿನ ದೀಪ, ಅರ್ಧ ಬರೆದ ನೋಟ್‌ಬುಕ್ಕು ಎಲ್ಲವೂ ಒಂದೇ ಸಲ ಹೊರಬರುತ್ತವೆ. ಬಸ್ಸಿಗೆ ಹೊತ್ತಾದವನು ಅದನ್ನು ಮೇಜಿನವರೆಗೂ ತರುವುದಿಲ್ಲ. ಆ ಒಂದು ವಾರ ಹಾಸ್ಟೆಲಿನ ಬಾಗಿಲಲ್ಲೇ ಒಂದು ಕೋಣೆ ತೆರೆದಿಟ್ಟು, ಬಂದದ್ದನ್ನು ರಜೆಯಲ್ಲಿ ತೊಳೆದು, ಸರಿಪಡಿಸಿ, ಹೊಸಬರು ಪ್ರವೇಶ ಪಡೆಯುವ ದಿನ ಅದೇ ಬಾಗಿಲಲ್ಲಿ ಹರಡಿಡಿ. ಮಗನನ್ನು ಸೇರಿಸಲು ಹಳ್ಳಿಯಿಂದ ಬಂದ ತಂದೆ ಮೊದಲು ಕೈಗೆತ್ತಿಕೊಳ್ಳುವುದು ಬಕೆಟ್ಟನ್ನು.